ಐದು ಮಾತ್ರೆ ಉಳಿದಾಗ

ಹೋದ ರಜೆಗೆ ಗೌರಿಬಿದನೂರಿನಿಂದ ಬಂದಾಗ ನೀವಿಬ್ಬರೂ ನನ್ನ ತಗಡಿನ ಡಬ್ಬಿ ತೆಗೆದು ನೋಡಿದಿರಿ. "ಅಜ್ಜಿ, ಮಾತ್ರೆ ಶೀಟಿಗೆ ಯಾಕೆ ಬೊಟ್ಟು ಅಂಟ್ಸಿದ್ದೀಯ? ಮಾತ್ರೆಗೂ ಹಣೆ ಇರುತ್ತಾ?" ಎಂದು ಚಿಕ್ಕವಳು ಕೇಳಿದಳು. ಎಲ್ಲರೂ ನಕ್ಕರು. ನಾನೂ ನಕ್ಕು, ಒಲೆಯ ಮೇಲೆ ಹಾಲಿದೆ ಎಂದು ಎದ್ದು ಹೋದೆ. ಒಲೆಯ ಮೇಲೆ ಹಾಲಿರಲಿಲ್ಲ.

ನಾಲ್ಕು ಜನರ ಎದುರು ನನಗೆ ಬಾಯಿ ಬರುವುದಿಲ್ಲ. ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದಾಗಲೂ ಹಾಗೆಯೇ. ಉತ್ತರ ಗೊತ್ತಿದ್ದರೂ ಕೈ ಎತ್ತಿದವಳಲ್ಲ. ಬರೆಯಲು ಕೂತರೆ ಮಾತ್ರ ಕೈ ನಡೆಯುತ್ತದೆ. ಆದ್ದರಿಂದ ಬರೆದೇ ಹೇಳುತ್ತೇನೆ. ಆ ಬೊಟ್ಟು ನಿಮ್ಮ ದೊಡ್ಡಜ್ಜಿಯದು. ದೊಡ್ಡಜ್ಜಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ.

ಅವಳು ನನ್ನ ಓರಗಿತ್ತಿ, ನಿಮ್ಮ ತಾತನ ಅಣ್ಣನ ಹೆಂಡತಿ. ನಾನು ಅವಳನ್ನು ಅಕ್ಕ ಎನ್ನುತ್ತೇನೆ. ಚಿಂತಾಮಣಿ ಕಡೆಯವಳು, ತವರಿನಲ್ಲಿ ತೆಲುಗು ಮಾತು. ಸಿಟ್ಟು ಬಂದಾಗಲೂ ಭಯವಾದಾಗಲೂ ಅವಳ ಬಾಯಿಂದ ಮೊದಲು ಬರುವುದು ತೆಲುಗೇ. ಅಣ್ಣತಮ್ಮಂದಿರು ಪಾಲಾದಾಗ ಒಂದೇ ಮನೆಯ ನಡುವೆ ಗೋಡೆ ಎದ್ದಿತು. ಹಿತ್ತಲಿನಲ್ಲಿ ಆ ಗೋಡೆ ಎದೆಯ ಮಟ್ಟಕ್ಕೆ ನಿಂತಿದೆ. ಆಚೆ ಕೆಮ್ಮಿದರೆ ಈಚೆ ಕೇಳುತ್ತದೆ.

ಅವಳ ಸರಕ್ಕಾಗಲಿ, ಅವಳ ಸೀಮೆಹಸುವಿಗಾಗಲಿ ನಾನು ಕರುಬಿದವಳಲ್ಲ. ಹೊಟ್ಟೆಕಿಚ್ಚು ಶುರುವಾದದ್ದು ನಿಮ್ಮ ತಾತ ತೀರಿಕೊಂಡ ಮೇಲೆ, ಅದೂ ಒಂದು ಕೂಗಿನಿಂದ. ದಿನಾ ಬೆಳಿಗ್ಗೆ, ನಾನು ಹಿತ್ತಲಿನಲ್ಲಿ ಪಾತ್ರೆ ತಿಕ್ಕುವ ಹೊತ್ತಿಗೆ ಸರಿಯಾಗಿ, ಆಚೆಯಿಂದ ಅಕ್ಕನ ಗಂಡ, ನಮ್ಮ ಭಾವನವರು ಕೂಗುತ್ತಿದ್ದರು.

"ಲೇ ಇವಳೇ! ಬಿ.ಪಿ. ಮಾತ್ರೆ ತಗೊಂಡ್ಯಾ?"

ಅಕ್ಕನಿಗೂ ಬಿ.ಪಿ., ನನಗೂ ಬಿ.ಪಿ. ಅವಳಿಗೆ ಕೇಳುವವರಿದ್ದರು. ನಾನು ಬೂದಿ ಕೈಯಲ್ಲಿ ತಪ್ಪಲೆ ಹಿಡಿದು, ಆ ಕೂಗು ಮುಗಿಯುವವರೆಗೆ ತಿಕ್ಕಿದ ಜಾಗವನ್ನೇ ತಿಕ್ಕುತ್ತಿದ್ದೆ. ಕೆಲವು ದಿನ ಅದರ ಹಿಂದೆ ಇನ್ನೂ ಏನೋ ಇರುತ್ತಿತ್ತು. "ಎಷ್ಟ್ ಉಳ್ದವೆ ನೋಡು, ಐದಿದ್ರೆ..." ಎಂದು ಶುರುವಾಗುತ್ತಿತ್ತು. ಪೂರ್ತಿ ಕೇಳುವ ಶಕ್ತಿ ನನಗಿರಲಿಲ್ಲ. ನಲ್ಲಿ ಜೋರಾಗಿ ತಿರುಗಿಸಿ ಬಕೆಟ್ಟಿಗೆ ನೀರು ಬಿಡುತ್ತಿದ್ದೆ. ತಗಡಿನ ಬಕೆಟ್ಟು. ನೀರಿನ ಸದ್ದಿನಲ್ಲಿ ಬೇರೆ ಏನೂ ಕೇಳುತ್ತಿರಲಿಲ್ಲ.

ನಿಮ್ಮ ತಾತ ಕೂಗುವವರಲ್ಲ. ಮಾತ್ರೆ ತರುವವರು. ರೇಷ್ಮೆ ಗೂಡನ್ನು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹಾಕಿ ಬರುವ ದಿನ ಅಂಗಿಯ ಜೇಬಿನಲ್ಲಿ ಮಾತ್ರೆ ಶೀಟು ಇರುತ್ತಿದ್ದವು. ಬಂದವರೇ ನನ್ನ ಡಬ್ಬಿ ತೆಗೆದು ತಾವೇ ಇಟ್ಟುಬಿಡುತ್ತಿದ್ದರು. ಹೀಗೆ ಎಷ್ಟೋ ವರ್ಷ ನಡೆಯಿತು. ಹಾಗಾಗಿ ನನ್ನ ತಲೆಯಲ್ಲಿ ಒಂದೇ ಲೆಕ್ಕ ಕೂತಿತ್ತು: ಒಂದು ಬೆಳೆ ಹುಳು, ಒಂದು ತಿಂಗಳ ಮಾತ್ರೆ. ಚಾಕಿ, ಅಂದರೆ ಎಳೆ ಹುಳು, ಮನೆಗೆ ಬಂತು, ನಾಲ್ಕು ಸಲ ಜ್ವರಕ್ಕೆ ಕೂತು ಪೊರೆ ಬಿಟ್ಟು ಎದ್ದಿತು, ಹಣ್ಣಾಯಿತು, ಬಿದಿರಿನ ಚಂದ್ರಿಕೆಗೆ ಹತ್ತಿ ಗೂಡು ಕಟ್ಟಿತು, ಗೂಡು ಮಾರಿದರು, ಮಾತ್ರೆ ಬಂತು. ಕ್ಯಾಲೆಂಡರ್ ನೋಡುವ ಪ್ರಮೇಯವೇ ಬರಲಿಲ್ಲ. ಮನೆಯೊಳಗೆ ಹುಳುವೇ ತಿಂಗಳು.

ಅವರು ಹೋದ ಮೇಲೆ ಹೋಬಳಿಯ ಆಸ್ಪತ್ರೆಯಲ್ಲಿ ನನ್ನ ಹೆಸರು ಬರೆಸಿದರು. ಅಲ್ಲಿ ಒಂದು ಸಲಕ್ಕೆ ಮೂವತ್ತು ಮಾತ್ರೆ, ಹತ್ತರ ಮೂರು ಶೀಟು. ಜೊತೆಗೊಂದು ಚಿಕ್ಕ ಪುಸ್ತಕ. ಅದರಲ್ಲಿ ಕೊಟ್ಟ ತಾರೀಖು ಬರೆಯುತ್ತಾರೆ. ಮತ್ತೆ ಯಾವಾಗ ಬರಬೇಕೆಂದು ಕೇಳಬೇಕಿತ್ತು. ನನ್ನ ಹಿಂದೆ ಹದಿನೈದು ಜನ ನಿಂತಿದ್ದರು. ಕೇಳಲಿಲ್ಲ. ಹುಳು ಇದೆಯಲ್ಲ ಎಂದುಕೊಂಡೆ.

ನಿಮ್ಮ ಮಾವ ಆಗಾಗ ಕೇಳುತ್ತಿದ್ದ. "ಅಮ್ಮಾ, ಮಾತ್ರೆ ಐತಾ?"

"ಐತಪ್ಪ."

ಅವನು ಮೊಬೈಲಿನಲ್ಲಿ ಗೂಡಿನ ರೇಟು ನೋಡುತ್ತಾ ಕೇಳುತ್ತಿದ್ದ. ನಾನು ಸೊಪ್ಪು ಹಾಕುತ್ತಾ ಹೇಳುತ್ತಿದ್ದೆ. ಅಷ್ಟಕ್ಕೇ ಮುಗಿಯುತ್ತಿತ್ತು. ಅವನನ್ನು ದೂರುವುದಿಲ್ಲ. ಐತೆ ಎಂದವಳು ನಾನೇ ತಾನೇ.

ಬೇಸಿಗೆಯಲ್ಲಿ ಹುಳು ಬೇಗ ಬೆಳೆಯುತ್ತದೆ. ಆ ವರ್ಷ ಬಿಸಿಲು ಜೋರು. ಗೂಡು ಬೇಗ ಬಂತು, ಬೇಗ ಮಾರಿದರು. ಮಾರನೆಯ ದಿನ ಪುಸ್ತಕ ಹಿಡಿದು, ಆಟೋದಲ್ಲಿ ಹಿಂದೆ ಇಕ್ಕಟ್ಟಿನಲ್ಲಿ ಕೂತು ಆಸ್ಪತ್ರೆಗೆ ಹೋದೆ. ಡಬ್ಬಿಯಲ್ಲಿ ಇನ್ನೂ ಒಂಬತ್ತು ಮಾತ್ರೆ ಇದ್ದವು. ಇದ್ದರೆ ಇರಲಿ ಎಂದು ನಾನು ಎಣಿಸಿರಲೇ ಇಲ್ಲ.

ಅಕ್ಕ ಅಲ್ಲಿಗೆ ಮೊದಲೇ ಬಂದಿದ್ದಳು. ಭಾವನವರ ಮೊಪೆಡ್ಡಿನ ಹಿಂದೆ ಕೂತು, ತಲೆತುಂಬ ಕನಕಾಂಬರ ಮುಡಿದು. ಸಾಲಿನಲ್ಲಿ ಅವರು ನಿಂತಿದ್ದರು, ಇವಳು ಬೇವಿನ ಮರದ ಕೆಳಗೆ ಕಲ್ಲಿನ ಮೇಲೆ ಕೂತಿದ್ದಳು. ಪುಸ್ತಕ ಅವರ ಕೈಯಲ್ಲಿ, ಅದಕ್ಕೊಂದು ಪ್ಲಾಸ್ಟಿಕ್ ಕವರು. ಸರದಿ ಬಂದಾಗ ಅವರು ತಿರುಗಿ ಕೈ ಮಾಡಿದರು, ಅಕ್ಕ ಎದ್ದು ಹೋಗಿ ಮಾತ್ರೆ ಈಸಿಕೊಂಡಳು. ಅಷ್ಟೇ ಅವಳ ಕೆಲಸ. ನಾನು ಎಲ್ಲವನ್ನೂ ನೋಡಿದೆ. ಕವರನ್ನೂ ನೋಡಿದೆ.

ನನ್ನ ಸರದಿ ಬಂತು. ಮಾತ್ರೆ ಕೊಡುವ ಮೇಡಂ ಪುಸ್ತಕ ತಿರುವಿದರು.

"ಏನಮ್ಮ, ಇನ್ನೂ ಎಂಟ್ಹತ್ತು ದಿನದ್ದು ನಿಮ್ಹತ್ರ ಇರ್ಬೇಕಲ್ಲ? ಜಾಸ್ತಿ ತಗೊಂತಿದ್ದೀರಾ?"

ಮೇಡಂ ಮತ್ತೊಮ್ಮೆ ತಾರೀಖು ನೋಡಿದರು.

"ದಿನಕ್ಕೊಂದೇ ತಾನೇ ತಗೊಳ್ಳೋದು?"

ನನ್ನ ಹಿಂದಿದ್ದ ಹೆಂಗಸು ತೆಲುಗಿನಲ್ಲಿ, "ಆಕಲಿಕಿ ತಿಂಟುಂದೇಮೋ!" ಎಂದಳು. ಹಸಿವಿಗೆ ತಿನ್ನುತ್ತಾಳೇನೋ ಅಂತ. ಸಾಲೆಲ್ಲ ನಕ್ಕಿತು. ಮೇಡಂ ನಗಲಿಲ್ಲ. "ಈಗ ಬೇಡ, ಆಮೇಲೆ ಬನ್ನಿ" ಎಂದು ಪುಸ್ತಕ ವಾಪಸು ಕೊಟ್ಟರು. ಆಮೇಲೆ ಎಂದರೆ ಯಾವಾಗ ಎಂದು ಕೇಳಲು ಬಾಯಿ ತೆರೆದೆ. ಬಾಯಿ ತೆರೆದದ್ದು ಯಾರಿಗೂ ಕಾಣಲಿಲ್ಲ. ಪಕ್ಕಕ್ಕೆ ಸರಿದೆ.

ಗೇಟಿನ ಹತ್ತಿರ ಭಾವನವರು ಮೊಪೆಡ್ ಸ್ಟಾರ್ಟ್ ಮಾಡುತ್ತಿದ್ದರು. ನಾನು ತಲೆತಗ್ಗಿಸಿ ಸೆರಗು ಎಳೆದುಕೊಂಡು ದಾಟಿದೆ. ಒಂದು ವಿಷಯ ನಿಮಗೆ ಹೇಳಬೇಕು. ನಮ್ಮಲ್ಲಿ ತಮ್ಮನ ಹೆಂಡತಿಯ ಜೊತೆ ಗಂಡನ ಅಣ್ಣ ನೇರವಾಗಿ ಮಾತಾಡುವುದಿಲ್ಲ. ನಾನು ಈ ಮನೆಗೆ ಬಂದಂದಿನಿಂದ ಭಾವನವರು ನನ್ನ ಮುಖ ನೋಡಿ ಒಂದು ಮಾತೂ ಆಡಿಲ್ಲ, ನಾನೂ ಆಡಿಲ್ಲ. ಮನೆಗೆ ಬಂದರೆ "ತಮ್ಮ ಇದ್ದಾನಾ?" ಎಂದು ಅವರು ಕಂಬವನ್ನು ಕೇಳುತ್ತಿದ್ದರು, "ತೋಟಕ್ಕೆ ಹೋಗವ್ರೆ" ಎಂದು ನಾನು ಬಾಗಿಲಿಗೆ ಹೇಳುತ್ತಿದ್ದೆ.

ಆ ದಿನ ಗೇಟಿನಲ್ಲಿ ಅವರು ಅಕ್ಕನಿಗೆ ಗಟ್ಟಿಯಾಗಿ ಹೇಳಿದರು. "ಐದು ಉಳ್ದಾಗ ಬರ್ಬೇಕು ಕಣೇ. ಐದು! ಅದಕ್ಕಿಂತ ಮುಂಚೆ ಬಂದ್ರೆ ಕೊಡಲ್ಲ, ಅದಕ್ಕಿಂತ ತಡ ಮಾಡಿದ್ರೆ ಮಾತ್ರೆ ತಪ್ಪೋಗುತ್ತೆ."

"ನಂಗ್ಯಾಕೆ ಹೇಳ್ತೀರಾ, ನಂಗ್ ಗೊತ್ತಿಲ್ವಾ?" ಎಂದಳು ಅಕ್ಕ.

ನನಗೆ ಮೈಯೆಲ್ಲ ಉರಿಯಿತು. ನಾನು ಬರಿಗೈಯಲ್ಲಿ ಹೋಗುತ್ತಿರುವಾಗ ಗಂಡಹೆಂಡಿರು ತಮ್ಮ ಜಾಣತನ ಮೆರೆಸುತ್ತಿದ್ದಾರೆ ಎಂದುಕೊಂಡೆ. ಆಟೋಗೆ ಕಾಯದೆ ಬಿಸಿಲಿನಲ್ಲಿ ಎರಡು ಮೈಲಿ ನಡೆದೆ. ಆ ಮಾತು ಕಿವಿಗೆ ಬಿದ್ದಿತ್ತು, ಒಳಗೆ ಇಳಿಯಲಿಲ್ಲ. ಅವಳ ತಲೆಯ ಕನಕಾಂಬರ ಇಳಿದಿತ್ತು.

ಅವತ್ತೇ ಒಂದು ತೀರ್ಮಾನ ಮಾಡಿಕೊಂಡೆ. ಇನ್ನು ಮುಂದೆ ಬೇಗ ಹೋಗಿ ಅನ್ನಿಸಿಕೊಳ್ಳುವುದೇ ಬೇಡ. ಗೂಡು ಮಾರಿ, ಅದರ ಮೇಲೆ ನಾಲ್ಕು ದಿನ ಬಿಟ್ಟೇ ಹೋಗುವುದು. ಮಳೆಗಾಲದಲ್ಲಿ ಅದು ಹೇಗೋ ನಡೆಯಿತು. ಒಂದೆರಡು ದಿನ ಮಾತ್ರೆ ತಪ್ಪಿದರೂ ಗೊತ್ತಾಗಲಿಲ್ಲ.

ಆಮೇಲೆ ಚಳಿ ಬಂತು. ಚಳಿಗೆ ಹುಳು ಮಂಕಾಗುತ್ತದೆ. ಸೊಪ್ಪು ಹಾಕಿದರೂ ನಿಧಾನವಾಗಿ ತಿನ್ನುತ್ತದೆ, ಜ್ವರಕ್ಕೆ ಕೂತದ್ದು ಏಳುವುದಿಲ್ಲ. ನಿಮ್ಮ ಮಾವ ಹುಳುಮನೆಯ ಕಿಟಕಿಗೆಲ್ಲ ಗೋಣಿ ಕಟ್ಟಿದ. ಆ ಸಲ ಹಿಪ್ಪುನೇರಳೆ ಸೊಪ್ಪು ಚಿಗುರುವುದೂ ತಡವಾಗಿತ್ತು, ಚಾಕಿ ತಂದದ್ದೂ ತಡ. ನಾನು ಡಬ್ಬಿ ತೆಗೆದರೆ ಒಂದೇ ಶೀಟು, ಅದರಲ್ಲಿ ಆರು. ಹುಳು ಇನ್ನೂ ನಾಲ್ಕನೆಯ ಜ್ವರಕ್ಕೂ ಕೂತಿರಲಿಲ್ಲ. ನನ್ನ ಲೆಕ್ಕದಲ್ಲಿ ತಿಂಗಳು ಅರ್ಧವೂ ಆಗಿಲ್ಲ, ಮಾತ್ರೆ ಮಾತ್ರ ಮುಗಿಯುತ್ತಿದೆ. ಮೇಡಂ ಹೇಳಿದ ಹಾಗೆ ನಾನೇ ಮರೆತು ದಿನಕ್ಕೆರಡು ತಗೊಳ್ಳುತ್ತಿದ್ದೇನೋ ಎಂದು ನನಗೇ ಅನುಮಾನ ಬಂತು. ಹೋದರೆ ಮತ್ತೆ ಆ ಸಾಲು, ಆ ನಗು.

ದಿನ ಬಿಟ್ಟು ದಿನ ತಗೊಂಡೆ. ಆರು ಮಾತ್ರೆ ಹನ್ನೆರಡು ದಿನ ಬಂತು. ಆಮೇಲೆ ಏನೂ ಇಲ್ಲ. ಆಚೆಯಿಂದ ದಿನಾ ಬೆಳಿಗ್ಗೆ ಅದೇ ಕೂಗು. ನನ್ನ ಡಬ್ಬಿ ಬರಿದಾಗಿದ್ದ ಆ ದಿನಗಳಲ್ಲಿ ಆ ಕೂಗು ಚುಚ್ಚಿದಷ್ಟು ಮತ್ತೆಂದೂ ಚುಚ್ಚಿಲ್ಲ. ಅವಳಿಗೇನು, ಮರೆತರೂ ನೆನಪಿಸುವ ಗಂಟಲೊಂದಿದೆ ಎಂದುಕೊಂಡು ನಲ್ಲಿ ತಿರುಗಿಸುತ್ತಿದ್ದೆ. ತಲೆಯ ಹಿಂಭಾಗ ಭಾರ, ಕಣ್ಣ ಮುಂದೆ ಮಿಣುಕು. ಚಳಿಗೆ ಹಾಗಾಗುತ್ತದೆ ಎಂದು ಕಿವಿಗೆ ಸೆರಗು ಬಿಗಿದುಕೊಂಡೆ.

ಹುಳು ಹಣ್ಣಾದ ದಿನ ನಮ್ಮ ಕಡೆ ಅಕ್ಕಪಕ್ಕದವರೆಲ್ಲ ಕೈಗೂಡಿಸುತ್ತಾರೆ. ಹಣ್ಣಾದ ಹುಳು ಕಾಯುವುದಿಲ್ಲ, ಆಯ್ದು ಆಯ್ದು ಚಂದ್ರಿಕೆಗೆ ಬಿಡಬೇಕು. ಅಕ್ಕನೂ ಬಂದಳು. ನಾನೂ ಅವಳೂ ಎದುರುಬದುರು ಕೂತು ತಟ್ಟೆಗೆ ಹುಳು ಆಯುತ್ತಿದ್ದೆವು. ತುಂಬಿದ ತಟ್ಟೆ ಎತ್ತಿಕೊಂಡು ಎದ್ದದ್ದು ನೆನಪಿದೆ. ಎದುರಿಗಿದ್ದ ಚಂದ್ರಿಕೆ ಗಾಣದ ಹಾಗೆ ಸುತ್ತಿತು. ಕಣ್ಣು ಬಿಟ್ಟಾಗ ನಾನು ನೆಲದ ಮೇಲಿದ್ದೆ, ತಲೆ ಅಕ್ಕನ ತೊಡೆಯ ಮೇಲೆ. ನನ್ನ ಸೀರೆಯ ಮೇಲೆಲ್ಲ ಹುಳು ಹರಿದಾಡುತ್ತಿದ್ದವು.

"ಅಯ್ಯೋ ದೇವುಡಾ, ಏಮಾಯಿಂದೇ ನೀಕು? ಏನಾಯ್ತೇ ನಿಂಗೆ? ಮಾತ್ರೆ ತಗೊಂಡಿದ್ಯಾ?"

"ಹೂಂ ಅಕ್ಕ."

ನನ್ನನ್ನು ನಡುಮನೆಯಲ್ಲಿ ಮಲಗಿಸಿ, ಕೇಳದೆಯೇ ಗೋಡೆಯ ಗೂಡಿನಿಂದ ಡಬ್ಬಿ ತೆಗೆದಳು. ಮೂರು ಖಾಲಿ ಶೀಟು ಎತ್ತಿ ಬೆಳಕಿಗೆ ಹಿಡಿದಳು.

"ಇದ್ರಲ್ಲಿ ಏನ್ ತಗೊಂಡೇ? ಗಾಳಿನಾ?"

"ಗೂಡು ಮಾರಿದ್ಮೇಲೆ ಹೋಗಣ ಅಂತ ಇದ್ದೆ."

"ಹುಳಕ್ಕೂ ನಿನ್ ಮಾತ್ರೆಗೂ ಏನ್ ಸಂಬಂಧನೇ? ಹುಳಕ್ಕೇನ್ ಬಿ.ಪಿ. ಐತಾ?" ನಗಿಸುವ ಮಾತೇ, ಆದರೆ ಅವಳು ನಗುತ್ತಿರಲಿಲ್ಲ. "ಎಷ್ಟ್ ದಿನ ಆಯ್ತು ಮುಗ್ದು?"

"ನಾಕು."

"ನಾಕು ದಿನ! ದಿನಾ ಬೆಳಿಗ್ಗೆ ಅವರು ಊರಿಗೆಲ್ಲ ಕೇಳೋ ಹಂಗೆ ಕೂಗ್ತಾರಲ್ಲ, ಕಿವಿಗೆ ಹತ್ತಿ ಇಟ್ಕೊಂಡಿದ್ಯಾ? ಐದು ಉಳ್ದಾಗ ಹೋಗ್ಬೇಕು, ಐದು ಉಳ್ದಾಗ ಹೋಗ್ಬೇಕು ಅಂತ ಗಂಟ್ಲು ಹರ್ಕೋತಾರಲ್ಲ!"

ಹುಷಾರಿಲ್ಲದಾಗ ನಾಲಿಗೆಯ ಬಿಗಿ ಸಡಿಲುತ್ತದೆ. ಇಷ್ಟು ದಿನ ನುಂಗಿದ್ದು ಬಾಯಿಗೆ ಬಂದೇಬಿಟ್ಟಿತು.

"ಅದು ನಿಂಗೆ ಕೂಗೋದು ಅಕ್ಕ. ನಿಂಗೆ ಕೂಗೋರು ಅವ್ರೆ. ನಂಗ್ಯಾರವ್ರೆ?"

ಅಕ್ಕ ಡಬ್ಬಿಯನ್ನು ನೆಲಕ್ಕೆ ಕುಕ್ಕಿದಳು.

"ನಂಗಾ? ನನ್ ಮಾತ್ರೆನ ಡಾಕ್ಟ್ರು ರಾತ್ರಿ ಊಟಕ್ಕೆ ಬದಲಾಯ್ಸಿ ಒಂದ್ ವರ್ಷ ಆಯ್ತು ಕಣೇ! ರಾತ್ರಿ ನಾನ್ ತಗೊಂಡ್ನಾ ಬಿಟ್ನಾ ಅಂತ ಯಾರೂ ಕೇಳಲ್ಲ. ಅಷ್ಟೊತ್ಗೆ ಅವರು ಗೊರಕೆ ಹೊಡೀತಿರ್ತಾರೆ. ಬೆಳಿಗ್ಗೆ ಎದ್ದು ಗೋಡೆ ಹತ್ರ ಬಂದು ನಿಂತ್ಕೊಂಡು, ನನ್ನ ನೆಪ ಮಾಡ್ಕೊಂಡು ನಿಂಗೆ ಕೂಗ್ತಾರೆ. ತಮ್ಮ ಇಲ್ಲ, ಅವಳಿಗ್ಯಾರು ಹೇಳ್ತಾರೆ ಅಂತ. ನಾನು ಅಲ್ಲೇ ರಾಗಿ ಕೇರ್ತಾ ಕೂತಿರ್ತೀನಿ. ನಂಗೆ ಹೊಟ್ಟೆ ಉರಿಯಲ್ವಾ?"

ನಾನು ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡೆ. ಅಳು ಬರಲಿಲ್ಲ. ನಾಚಿಕೆಯೂ ಅಲ್ಲ. ನಿಜ ಹೇಳುತ್ತೇನೆ, ಮೊದಲು ಬಂದದ್ದು ಸಂತೋಷ. ನನ್ನನ್ನು ಕಂಡು ಅಕ್ಕ ಕರುಬಿದ್ದಾಳೆ, ಒಂದು ವರ್ಷದಿಂದ, ದಿನಾ ಬೆಳಿಗ್ಗೆ. ಅದನ್ನು ಕೇಳಿ ತಲೆಯ ಭಾರವೂ ಒಂದು ಗಳಿಗೆ ಮರೆತುಹೋಯಿತು.

ಅವತ್ತೇ ನಿಮ್ಮ ಮಾವ ಆಸ್ಪತ್ರೆಗೆ ಕರೆದುಕೊಂಡು ಹೋದ. ಬಿ.ಪಿ. ಎಷ್ಟು ಏರಿತ್ತೆಂದು ನನಗೆ ಹೇಳಲಿಲ್ಲ. ಡಾಕ್ಟರ ಮುಖ ನೋಡಿಯೇ ಗೊತ್ತಾಯಿತು. ಇನ್ನೊಂದು ವಾರ ಹೀಗೇ ಬಿಟ್ಟಿದ್ದರೆ ಕೈಕಾಲು ಬೀಳುತ್ತಿತ್ತು ಎಂದರು. ನಾನು ದಿನ ಬಿಟ್ಟು ದಿನ ತಗೊಂಡದ್ದನ್ನು ಕೇಳಿ ತಿಳಿದು ಪುಸ್ತಕದಲ್ಲಿ ಬರೆದರು. ಮಾತ್ರೆ ಕೊಡುವಲ್ಲಿಗೆ ಬಂದಾಗ ಅದೇ ಮೇಡಂ. ನಿಮ್ಮ ಮಾವ ಬಾಯಿ ತೆರೆಯುವಷ್ಟರಲ್ಲಿ ನಾನೇ ಕೇಳಿದೆ. ಹಿಂದೆ ಜನ ಇದ್ದರು. ನನ್ನ ದನಿ ನನಗೇ ಬೇರೆಯವರದ್ದೆಂಬಂತೆ ಕೇಳಿಸಿತು.

"ಇನ್ನೊಂದ್ಸಲ ಯಾವಾಗ ಬಂದ್ರೆ ಕೊಡ್ತೀರಾ ಮೇಡಂ?"

ಅವರು ತಲೆ ಎತ್ತಿ ನೋಡಿದರು. "ಐದು ಉಳಿದಾಗ ಬನ್ನಿ ಅಮ್ಮ. ಮುಗಿಯೋವರ್ಗೂ ಕಾಯ್ಬೇಡಿ. ಒಂದಿನ ಮುಂಚೆ ಬಂದ್ರೂ ನಾನೇನ್ ಬೈಯಲ್ಲ. ಆದ್ರೆ ದಿನ ಬಿಟ್ಟು ದಿನ ತಗೊಂಡು ಉಳಿಸ್ಬೇಡಿ. ಅವತ್ತೇ ಕೇಳಿದ್ರೆ ಅವತ್ತೇ ಹೇಳ್ತಿದ್ನಲ್ಲ."

ಇಷ್ಟೇ ಮಾತು. ಗೇಟಿನಲ್ಲಿ ಒಂದು ಸಲ, ಗೋಡೆಯಾಚೆಯಿಂದ ತಿಂಗಳಿಗೊಂದು ಸಲ ನನಗೆ ಹೇಳುತ್ತಲೇ ಇದ್ದ ಮಾತು. ಬಕೆಟ್ಟಿನ ನೀರಿನಲ್ಲಿ ಮುಳುಗಿಸಿದವಳು ನಾನೇ.

ಮನೆಗೆ ಬಂದ ಮೇಲೆ ಅಕ್ಕ ಹೊಸ ಶೀಟುಗಳನ್ನು ಮಡಿಲಲ್ಲಿ ಹಾಕಿಕೊಂಡು ಕೂತಳು. ಮೂರನೆಯ ಶೀಟು ಎತ್ತಿಕೊಂಡು ಬೆರಳಿಟ್ಟು ಎಣಿಸಿದಳು. ಹಿಂದಿನಿಂದ ಐದು ಬಿಟ್ಟು, ಗುರುತಿಗೆ ಏನಾದರೂ ಬೇಕೆಂದು ಸುತ್ತ ನೋಡಿದಳು. ಏನೂ ಸಿಗಲಿಲ್ಲ. ಹಣೆಯಲ್ಲಿದ್ದ ಬೊಟ್ಟನ್ನೇ ಕಿತ್ತು ಅಲ್ಲಿಗೆ ಅಂಟಿಸಿದಳು.

"ನೋಡು. ಬೊಟ್ಟಿನ ಹತ್ರ ಬಂದ್ಯಾ, ಹೊರಟ್ಯಾ. ಹುಳ ಎಲ್ಲಾದ್ರೂ ಇರ್ಲಿ."

ಬೊಟ್ಟು ಕಿತ್ತ ಹಣೆಯಲ್ಲಿ ದುಂಡಗೆ ಬಿಳಿಯ ಗುರುತು ಉಳಿದಿತ್ತು. ಅದು ಕ್ಷಣದ ಮಾತು. ಮನೆಗೆ ಹೋಗಿ ಇನ್ನೊಂದು ಇಟ್ಟುಕೊಳ್ಳುತ್ತಾಳೆ, ಒಂದು ಪ್ಯಾಕೆಟ್ಟಿನಲ್ಲಿ ಎಷ್ಟೊಂದು ಇರುತ್ತವೆ. ಆಗಲೂ ಹೊಟ್ಟೆಕಿಚ್ಚು ಬಂತು. ಇಷ್ಟು ಧಾರಾಳವಾಗಿ ಕಿತ್ತು ಕೊಡುವುದು ಇದ್ದವರಿಗೆ ಮಾತ್ರ ಸಾಧ್ಯ. ಪ್ರತಿ ತಿಂಗಳೂ ಬಂದು ತಾನೇ ಅಂಟಿಸುತ್ತಾಳೆ. ಪ್ಯಾಕೆಟ್ಟಿನಿಂದ ತೆಗೆದದ್ದು ನಿಲ್ಲುವುದಿಲ್ಲವಂತೆ, ಹಣೆಯದೇ ಆಗಬೇಕಂತೆ. ನಿಮಗೆ ಸಿಕ್ಕಿದ್ದು ಅವೇ ಶೀಟುಗಳು. ಖಾಲಿಯಾದರೂ ಬೊಟ್ಟಿದೆ ಎಂದು ಬಿಸಾಡಲು ಮನಸ್ಸು ಬರಲಿಲ್ಲ.

ಒಂದು ವಿಷಯ ಆಮೇಲೆ ಹೊಳೆಯಿತು. ನಿಮ್ಮ ತಾತ ಶೀಟು ತಂದಾಗ ಹಳೆಯದರ ಕೆಳಗೆ ಹೊಸದನ್ನು ಇಡುತ್ತಿದ್ದರು. ಹಾಗಾಗಿ ನನ್ನ ಡಬ್ಬಿಯ ತಳ ನಾನು ಕಂಡದ್ದೇ ಇಲ್ಲ. ಅವರಿದ್ದಷ್ಟು ದಿನ ಚಳಿಗಾಲದಲ್ಲೂ ಕಂಡಿಲ್ಲ. ಗೂಡಿನ ಲೆಕ್ಕ ನನ್ನದು, ಅವರಿಗೆ ಬೇರೆಯೇ ಲೆಕ್ಕವಿತ್ತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ. ಅಣ್ಣ ಕೂಗುವ ಹಾಗೆ ಒಂದು ದಿನವಾದರೂ ಕೂಗಿ ಹೇಳಿದ್ದರೆ ಆಗುತ್ತಿರಲಿಲ್ಲವೇ ಎಂದು ಈಗಲೂ ಅವರ ಮೇಲೆ ಒಂದು ಮುನಿಸಿದೆ.

ಕೂಗು ಈಗಲೂ ಇದೆ. ನಾನು ನಲ್ಲಿ ತಿರುಗಿಸುವುದಿಲ್ಲ. ಭಾವನವರಿಗೆ ನೇರವಾಗಿ ಉತ್ತರ ಕೊಡುವ ಹಾಗಿಲ್ಲವಲ್ಲ, ಅದಕ್ಕೆ ಮಾತ್ರೆ ನುಂಗಿ ನೀರು ಕುಡಿದ ಲೋಟವನ್ನು ಒಗೆಯುವ ಕಲ್ಲಿನ ಮೇಲೆ ಎರಡು ಸಲ ಕುಟ್ಟುತ್ತೇನೆ.

"ತಗೊಂಡ್ಳಂತೆ!" ಎಂದು ಅಕ್ಕ ಆಚೆಯಿಂದ ಗಂಡನಿಗೆ ಹೇಳುತ್ತಾಳೆ. ಆ ಮಾತಿನಲ್ಲಿ ಒಂದು ಕುಟುಕು ಇರುತ್ತದೆ. ನನಗೆ ಅದರ ಪರಿಚಯ ಚೆನ್ನಾಗಿದೆ. ನನಗೂ ಉರಿ ಪೂರ್ತಿ ಆರಿಲ್ಲ. ಕೇಳುವುದು ನನ್ನನ್ನೇ ಇರಬಹುದು, ಆದರೆ ಅದರ ಮುಂದಿನ ಆ "ಲೇ ಇವಳೇ" ಇದೆಯಲ್ಲ, ಅದು ಅವಳದೇ. ಅದಕ್ಕೆ ನಾನು ಲೋಟ ಕುಟ್ಟುವಂತಿಲ್ಲ.

ಇವತ್ತು ಬೆಳಿಗ್ಗೆ ಶೀಟು ನೋಡಿದೆ. ಬೊಟ್ಟಿಗೆ ಇನ್ನೆರಡು ಮಾತ್ರೆ. ನಾಡಿದ್ದು ಆಸ್ಪತ್ರೆಗೆ ಹೋಗುತ್ತೇನೆ. ಹುಳು ಇನ್ನೂ ಮೂರನೆಯ ಜ್ವರದಲ್ಲಿದೆ.